ಪೀಣ್ಯದ ಆಫರ್ ನಂಬಬಹುದೇ? ಸರ್ಕಾರಿ ದಾಖಲೆಗಳಲ್ಲಿ ತಾಳೆ ನೋಡುವ ಕ್ರಮ

ಪ್ರಶ್ನೆ: ನನ್ನ ಮಗಳು ಸರ್ಕಾರಿ ಐಟಿಐನಲ್ಲಿ ಮೆಷಿನಿಸ್ಟ್ ಟ್ರೇಡ್ ಮುಗಿಸಿದ್ದಾಳೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್ ಕೆಲಸವಿದೆ ಎಂದು ಗುತ್ತಿಗೆದಾರರೊಬ್ಬರು ಆಫರ್ ಚೀಟಿ ಕೊಟ್ಟಿದ್ದಾರೆ. ಸಿಟಿಸಿ 18,495 ರೂಪಾಯಿ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 14,000, ಮನೆಬಾಡಿಗೆ ಭತ್ಯೆ 2,150 ಎಂದು ಬರೆದಿದ್ದಾರೆ. ಕೈಗೆ ಮಾತ್ರ 13,500 ಬರುತ್ತದಂತೆ. ಇದು ಸರಿಯೇ? ಪಿಎಫ್ ನಿಜವಾಗಿ ಕಟ್ಟುತ್ತಾರೋ ಇಲ್ಲವೋ ಸೇರುವ ಮೊದಲೇ ತಿಳಿಯಬಹುದೇ? ದೇಶದಲ್ಲಿ ನಿರುದ್ಯೋಗ ಕಡಿಮೆಯಾಗಿದೆ ಎಂದು ಪೇಪರಿನಲ್ಲಿ ಬರುತ್ತಲೇ ಇದೆ, ನಮ್ಮ ಕಡೆ ಹುಡುಗರೆಲ್ಲ ಖಾಲಿ ಕೂತಿದ್ದಾರೆ. ಸರ್ಕಾರದ ಯಾವ ಮಾಹಿತಿಯನ್ನು ನಂಬಬೇಕು? — ಹಿರಿಯೂರು ತಾಲ್ಲೂಕಿನ ಓದುಗರು

ಉತ್ತರ: ಒಂದೊಂದು ಸರ್ಕಾರಿ ದಾಖಲೆ ಹುಟ್ಟುವುದು ಒಂದೊಂದು ಕಾರಣಕ್ಕೆ. ಆ ಕಾರಣ ಗೊತ್ತಿದ್ದರೆ ಯಾವುದನ್ನು ಎಷ್ಟು ನಂಬಬೇಕೆಂಬುದು ತಾನಾಗಿ ತಿಳಿಯುತ್ತದೆ. ದುಡ್ಡು ಕಟ್ಟಿದ್ದಕ್ಕೆ ಹುಟ್ಟಿದ ದಾಖಲೆ, ಅಂದರೆ ಪಿಎಫ್ ಚಲನ್ ಅಥವಾ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಂತು, ಒಬ್ಬ ಮಾಲೀಕನ ವಿಷಯದಲ್ಲಿ ಬಹಳ ಗಟ್ಟಿ. ಕಾನೂನಿನ ಅಧಿಸೂಚನೆ ಹೇಳುವುದು ಏನಿರಬೇಕು ಎಂದು, ಏನಿದೆ ಎಂದಲ್ಲ. ಸಮೀಕ್ಷೆಯಲ್ಲಿ ಇಡೀ ರಾಜ್ಯದ ಚಿತ್ರ ಸಿಗುತ್ತದೆ, ನಿಮ್ಮ ಮಗಳ ಆಫರಿನ ವಿಷಯ ಸಿಗುವುದಿಲ್ಲ. ಖಾಲಿ ಹುದ್ದೆಯ ಪೋರ್ಟಲ್ ಎಂದರೆ ಹೆಚ್ಚುಕಡಿಮೆ ನೋಟಿಸ್ ಬೋರ್ಡು. ಆದ್ದರಿಂದ ಪಿಎಫ್ ದಾಖಲೆಯಿಂದ ಶುರು ಮಾಡಿ. ನಿರುದ್ಯೋಗದ ಅಂಕಿ ಕೊನೆಗಿರಲಿ.

ಗುತ್ತಿಗೆದಾರರಿಂದ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ: ಅವರ ಸಂಸ್ಥೆಯ ನೋಂದಾಯಿತ ಹೆಸರು ಮತ್ತು ಪಿಎಫ್ ಕೋಡ್. ಕಾರ್ಖಾನೆಯ ಹೆಸರಲ್ಲ, ಸಂಬಳ ಕೊಡುವವರ ಹೆಸರು. ಇಲ್ಲೇ ಹೆಚ್ಚಿನವರು ಎಡವುವುದು. ಗೇಟಿನ ಮೇಲಿನ ದೊಡ್ಡ ಬೋರ್ಡ್ ನೋಡಿ ಆ ಕಂಪನಿಯ ಪಿಎಫ್ ದಾಖಲೆ ಹುಡುಕುತ್ತಾರೆ, ಎಲ್ಲ ಚೊಕ್ಕಟವಾಗಿ ಕಾಣುತ್ತದೆ, ಸಮಾಧಾನವಾಗುತ್ತದೆ. ಮಗಳ ಹೆಸರು ಹೋಗುವುದು ಮಾತ್ರ ಗುತ್ತಿಗೆದಾರರ ಕೋಡ್‌ಗೆ. ಪಿಎಫ್ ಕೋಡ್‌ನಲ್ಲಿ ಮೊದಲೆರಡು ಅಕ್ಷರ ವಲಯದ್ದು, ಆಮೇಲಿನ ಮೂರು ಕಚೇರಿಯದ್ದು, ನಂತರ ಏಳು ಅಂಕಿ ಸಂಸ್ಥೆಯದ್ದು, ಕೊನೆಗೆ ಮೂರು ಅಂಕಿಯ ವಿಸ್ತರಣೆ. ‘ಕೋಡ್ ಆಮೇಲೆ ಕೊಡುತ್ತೇವೆ’ ಎಂದರೆ ಅನುಮಾನ ಪಡಲು ಅಷ್ಟು ಸಾಕು. ಅದು ಗುಟ್ಟಿನ ಸಂಗತಿಯೇ ಅಲ್ಲ.

ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಓ ಜಾಲತಾಣದಲ್ಲಿ ಮಾಲೀಕರ ವಿಭಾಗದೊಳಗೆ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬ ಪುಟವಿದೆ. ಲಾಗಿನ್ ಬೇಡ, ದುಡ್ಡು ಬೇಡ. ಹೆಸರು ಅಥವಾ ಏಳಂಕಿ ಕೋಡ್ ಹಾಕಿ, ಚಿತ್ರದಲ್ಲಿರುವ ಅಕ್ಷರ ಟೈಪ್ ಮಾಡಿದರೆ ಸಂಸ್ಥೆಗಳ ಪಟ್ಟಿ ಬರುತ್ತದೆ. ಹೆಸರಿನಿಂದ ಹುಡುಕುವಾಗ ಪೂರ್ತಿ ಹೆಸರು ಹಾಕಬೇಡಿ. ‘ಎಂಟರ್‌ಪ್ರೈಸಸ್’ ಎಂಬುದನ್ನು ನೋಂದಣಿ ಮಾಡಿದವರು ಒಂದಕ್ಷರ ಬಿಟ್ಟು ಬರೆದಿದ್ದರೆ ಏನೂ ಸಿಗುವುದಿಲ್ಲ. ಮೊದಲ ಪದ ಮಾತ್ರ ಹಾಕಿ, ಬಂದ ಪಟ್ಟಿಯಲ್ಲಿ ವಿಳಾಸ ನೋಡಿ ಆರಿಸಿಕೊಳ್ಳಿ. ಅಲ್ಲಿ ಪಾವತಿ ವಿವರ ತೆರೆದರೆ ಯಾವ ತಿಂಗಳ ಸಂಬಳಕ್ಕೆ, ಯಾವ ದಿನ, ಎಷ್ಟು ಹಣ, ಎಷ್ಟು ನೌಕರರಿಗೆ ಕಟ್ಟಿದ್ದಾರೆಂಬ ಕೋಷ್ಟಕ ಕಾಣುತ್ತದೆ.

ಈ ಕೋಷ್ಟಕವನ್ನು ಓದುವ ಕ್ರಮ ಗೊತ್ತಿದ್ದರೆ ಅದು ತುಂಬ ಮಾತಾಡುತ್ತದೆ. ನೌಕರರ ಪಾಲು ಶೇ. 12, ಮಾಲೀಕರ ಪಾಲು ಶೇ. 12, ಅದರ ಮೇಲೆ ಮಾಲೀಕರೇ ಕಟ್ಟುವ ಆಡಳಿತ ಶುಲ್ಕ ಶೇ. 0.5 ಮತ್ತು ಇಡಿಎಲ್‌ಐ ವಿಮೆ ಶೇ. 0.5. ಒಟ್ಟು ಶೇ. 25, ಅಂದರೆ ಪಿಎಫ್ ಲೆಕ್ಕದ ವೇತನದ ಕಾಲುಭಾಗ. ಹಾಗಾಗಿ ಒಂದು ತಿಂಗಳ ಮೊತ್ತವನ್ನು ನೌಕರರ ಸಂಖ್ಯೆಯಿಂದ ಭಾಗಿಸಿ ನಾಲ್ಕರಿಂದ ಗುಣಿಸಿ. ಉದಾಹರಣೆಗೆ 120 ಜನಕ್ಕೆ 4,20,000 ರೂಪಾಯಿ ಕಟ್ಟಿದ್ದರೆ ತಲೆಗೆ 3,500, ನಾಲ್ಕರಿಂದ ಗುಣಿಸಿದರೆ 14,000. ನಿಮ್ಮ ಚೀಟಿಯ ಬೇಸಿಕ್ಕಿಗೆ ಸರಿಹೊಂದಿತು. ತಲೆಗೆ 1,800 ಮಾತ್ರ ಬಂದರೆ ವೇತನ 7,200 ಎಂದಾಯಿತು. ಆಗ ಒಂದೋ ಸಂಬಳವನ್ನು ಭತ್ಯೆಗಳಾಗಿ ಚೂರು ಮಾಡಿ ಬೇಸಿಕ್ ಇಳಿಸಿದ್ದಾರೆ, ಇಲ್ಲವೇ ಜನ ತಿಂಗಳು ಪೂರ್ತಿ ಕೆಲಸಕ್ಕೆ ಬಂದಿಲ್ಲ. ಒಂದೇ ತಿಂಗಳು ನೋಡಿ ತೀರ್ಮಾನಿಸಬೇಡಿ. ಕೆಲವರು ಒಂದೇ ತಿಂಗಳಿಗೆ ಎರಡು ಮೂರು ಚಲನ್ ಕಟ್ಟಿರುತ್ತಾರೆ, ಅವನ್ನು ಕೂಡಿಸಿಕೊಳ್ಳಬೇಕು. ಅರ್ಧ ತಿಂಗಳಿಗೆ ಸೇರಿದವರಿದ್ದರೆ ಸರಾಸರಿ ಇಳಿಯುತ್ತದೆ. ಕನಿಷ್ಠ ಆರು ತಿಂಗಳ ಸಾಲು ನೋಡಿ.

ಮೊತ್ತದಷ್ಟೇ ಮುಖ್ಯವಾದದ್ದು ತಾರೀಖು. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಯಾವಾಗಲೂ 14, 15ಕ್ಕೆ ಕಟ್ಟಿದ್ದರೆ ಒಳ್ಳೆಯ ಲಕ್ಷಣ. ಮೂರು ತಿಂಗಳದ್ದು ಒಟ್ಟಿಗೆ ಒಂದೇ ದಿನ ಕಟ್ಟಿದ್ದರೆ ಆ ಗುತ್ತಿಗೆದಾರರ ಕೈಯಲ್ಲಿ ದುಡ್ಡು ಓಡುತ್ತಿಲ್ಲ ಎಂದರ್ಥ. ಪಿಎಫ್ ತಡವಾಗುವ ಕಡೆ ಸಂಬಳವೂ ತಡವಾಗುತ್ತದೆ. ನೌಕರರ ಸಂಖ್ಯೆ ಒಂದು ತಿಂಗಳು 140, ಮುಂದಿನ ತಿಂಗಳು 35 ಎಂದಿದ್ದರೆ ಒಂದು ದೊಡ್ಡ ಗುತ್ತಿಗೆ ಕೈಬಿಟ್ಟಿದೆ ಎಂದುಕೊಳ್ಳಿ. ‘ನಮ್ಮಲ್ಲಿ 200 ಜನ ಇದ್ದಾರೆ’ ಎನ್ನುವವರ ಚಲನ್‌ನಲ್ಲಿ 22 ಜನ ಮಾತ್ರ ಕಂಡರೆ ಉಳಿದವರಿಗೆ ಕಟ್ಟುತ್ತಿಲ್ಲ.

ಈಗ ಚೀಟಿಯ ಲೆಕ್ಕಕ್ಕೆ ಬರೋಣ. ಸಿಟಿಸಿ ಎಂದರೆ ಮಗಳ ಮೇಲೆ ಗುತ್ತಿಗೆದಾರರಿಗೆ ಬೀಳುವ ಖರ್ಚು, ಸಂಬಳವಲ್ಲ. ಸಂಬಳ 14,000ಕ್ಕೆ 2,150 ಸೇರಿ 16,150. ಅದರ ಮೇಲೆ ಅವರು ಕಟ್ಟಬೇಕಾದ ಪಿಎಫ್ ಪಾಲು 1,680, ಆಡಳಿತ ಶುಲ್ಕ ಮತ್ತು ವಿಮೆ 140. ಇಎಸ್‌ಐ ಮಾಲೀಕರ ಪಾಲು 16,150ರ ಶೇ. 3.25, ಅಂದರೆ 525. ಕೂಡಿಸಿದರೆ 18,495. ಇಲ್ಲಿಯವರೆಗೆ ಅವರ ಲೆಕ್ಕ ರೂಪಾಯಿಗೆ ರೂಪಾಯಿ ಸರಿಯಾಗಿದೆ.

ಕೈಗೆ ಬರುವುದರಲ್ಲಿ ಲೆಕ್ಕ ತಪ್ಪಿದೆ. ಮಗಳ ಸಂಬಳದಿಂದ ಕಡಿತವಾಗಬೇಕಾದ್ದು ಪಿಎಫ್ 1,680 ಮತ್ತು ಇಎಸ್‌ಐ ಶೇ. 0.75ರಂತೆ 122. ವೃತ್ತಿ ತೆರಿಗೆ ಕರ್ನಾಟಕದಲ್ಲಿ ಸಂಬಳ ತಿಂಗಳಿಗೆ 25,000 ಮುಟ್ಟುವವರೆಗೆ ಇಲ್ಲ. ಹಾಗಾಗಿ ಕೈಗೆ 14,348 ಬರಬೇಕು. ಅವರು ಹೇಳಿದ್ದು 13,500. ಉಳಿದ 848 ರೂಪಾಯಿ ಎಲ್ಲಿಗೆ ಹೋಯಿತು ಎಂದು ಕೇಳಿ. ಕ್ಯಾಂಟೀನ್, ಕಂಪನಿ ಬಸ್ ಎಂದು ಉತ್ತರ ಬಂದರೆ ಅದನ್ನೇ ಚೀಟಿಯಲ್ಲಿ ಸಾಲು ಸಾಲಾಗಿ ಬರೆದುಕೊಡಲಿ. ಮಗಳು ಪಿಜಿಯಿಂದ ನಡೆದು ಹೋಗುವುದಾದರೆ ಬಸ್ಸಿನ ಕಡಿತ ಯಾಕೆ ಎಂದು ಕೇಳುವುದು ತಪ್ಪಲ್ಲ. ‘ಯೂನಿಫಾರ್ಮ್ ಡೆಪಾಸಿಟ್’, ‘ಸರ್ವಿಸ್ ಚಾರ್ಜ್’ ಎಂದು ಹೇಳಿದರೆ ಒಪ್ಪಬೇಡಿ. ಗುತ್ತಿಗೆದಾರರ ಲಾಭ ಕಾರ್ಖಾನೆ ಕೊಡುವ ಬಿಲ್ಲಿನಿಂದ ಬರಬೇಕು, ಕೆಲಸಗಾರರ ಸಂಬಳದಿಂದ ಅಲ್ಲ. ಮಾಲೀಕರ ಪಿಎಫ್ ಪಾಲನ್ನು 16,150ರೊಳಗಿಂದಲೇ ಕತ್ತರಿಸುವ ಹಳೆಯ ಚಾಳಿಯೂ ಇದೆ, ಅದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಸೇರುವ ಮೊದಲೇ ‘ರಿಜಿಸ್ಟ್ರೇಷನ್ ಫೀ’ ಎಂದು ಎರಡು ಮೂರು ಸಾವಿರ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಕನಿಷ್ಠ ವೇತನದ ವಿಷಯದಲ್ಲಿ ವಾಟ್ಸ್‌ಆ್ಯಪ್ ಮಾಡಿರುವ ಗೊಂದಲ ಅಷ್ಟಿಷ್ಟಲ್ಲ. 2024ರ ಅಕ್ಟೋಬರ್ 1ರಿಂದ ಕೇಂದ್ರ ಸರ್ಕಾರ ‘ಎ’ ಪ್ರದೇಶದ (ದೊಡ್ಡ ನಗರಗಳ) ಅಕುಶಲ ಕಾರ್ಮಿಕರಿಗೆ ದಿನಕ್ಕೆ 783, ಕುಶಲರಿಗೆ 954 ರೂಪಾಯಿ ಎಂದು ಪ್ರಕಟಿಸಿದಾಗ ‘ಇನ್ನು ದೇಶದಲ್ಲೆಲ್ಲ ತಿಂಗಳಿಗೆ 20,358 ಕನಿಷ್ಠ’ ಎಂಬ ಸಂದೇಶ ಊರೂರು ಸುತ್ತಿತು. ಆ ದರ ಕೇಂದ್ರ ವ್ಯಾಪ್ತಿಯ ಕೆಲಸಗಳಿಗೆ ಮಾತ್ರ: ರೈಲ್ವೆ, ಗಣಿ, ಬಂದರು, ಕೇಂದ್ರದ ಉದ್ದಿಮೆಗಳು, ಇಂಥವು. ಅದನ್ನು ಮುಖ್ಯ ಕಾರ್ಮಿಕ ಆಯುಕ್ತರ ಕಚೇರಿ ವರ್ಷಕ್ಕೆರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಪರಿಷ್ಕರಿಸುತ್ತದೆ. ಪೀಣ್ಯದ ಖಾಸಗಿ ಕಾರ್ಖಾನೆಗೆ ಅನ್ವಯಿಸುವುದು ಕರ್ನಾಟಕ ಕಾರ್ಮಿಕ ಇಲಾಖೆಯ ಅಧಿಸೂಚನೆ. ರಾಜ್ಯದಲ್ಲಿ ತುಟ್ಟಿಭತ್ಯೆ ಪರಿಷ್ಕರಣೆ ವರ್ಷಕ್ಕೊಮ್ಮೆ, ಏಪ್ರಿಲ್ 1ರಿಂದ.

ಇಲಾಖೆಯ ಜಾಲತಾಣದ ಕನಿಷ್ಠ ವೇತನ ಪುಟದಲ್ಲಿ ಉದ್ದಿಮೆಗೊಂದು ಕೋಷ್ಟಕ ಇರುತ್ತದೆ. ತೆರೆದ ಕೂಡಲೇ ಮೊದಲು ಆ ಕೋಷ್ಟಕ ಯಾವ ವರ್ಷದ್ದು ಎಂದು ನೋಡಿ. ಹುಡುಕಾಟದಲ್ಲಿ ಮೇಲೆ ಬರುವುದು ಎಷ್ಟೋ ಸಲ ಎರಡು ಮೂರು ವರ್ಷ ಹಳೆಯ ಪಿಡಿಎಫ್. ಆಮೇಲೆ ಉದ್ದಿಮೆ: ಮಗಳು ಮಾಡುವ ಕೆಲಸ ಲೋಹ ಕಡಿಯುವುದಾದ್ದರಿಂದ ಎಂಜಿನಿಯರಿಂಗ್ ವಿಭಾಗ, ಅಂಗಡಿ ಮುಂಗಟ್ಟಿನದ್ದಲ್ಲ. ನಂತರ ವಲಯ, ಬೆಂಗಳೂರಿಗೂ ತಾಲ್ಲೂಕು ಕೇಂದ್ರಕ್ಕೂ ದರ ಬೇರೆ. ಕೊನೆಗೆ ದರ್ಜೆ. ಜಗಳ ಹುಟ್ಟುವುದೇ ಈ ದರ್ಜೆಯಲ್ಲಿ. ಐಟಿಐ ಮುಗಿಸಿ ಸಿಎನ್‌ಸಿ ನಡೆಸುವವರನ್ನು ‘ಹೆಲ್ಪರ್’ ಎಂದು ದಾಖಲಿಸಿ ಅಕುಶಲ ದರ ಕೊಡುವುದು ಬಹಳ ಕಡೆ ನಡೆಯುತ್ತದೆ. ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ‘ಸಿಎನ್‌ಸಿ ಆಪರೇಟರ್’ ಎಂದೇ ಇರಬೇಕು, ದರ್ಜೆ ಕೂಡ ನಮೂದಾಗಿರಬೇಕು. ಕೋಷ್ಟಕದ ಮೂಲ ವೇತನ ಮತ್ತು ತುಟ್ಟಿಭತ್ಯೆ ಎರಡನ್ನೂ ಕೂಡಿಸಿ, ಆ ಮೊತ್ತವನ್ನು ಚೀಟಿಯ 14,000ದೊಂದಿಗೆ ಹೋಲಿಸಿ. 16,150ರೊಂದಿಗೆ ಅಲ್ಲ. 2019ರ ವೇತನ ಸಂಹಿತೆಯ ವ್ಯಾಖ್ಯೆಯಲ್ಲಿ ಮನೆಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಓವರ್‌ಟೈಮ್, ಬೋನಸ್ ವೇತನದೊಳಗೆ ಬರುವುದಿಲ್ಲ. ಕೋಷ್ಟಕದ ಮೊತ್ತ 14,000ಕ್ಕಿಂತ ಹೆಚ್ಚಿದ್ದರೆ ಗುತ್ತಿಗೆದಾರರು ಚೀಟಿ ತಿದ್ದಬೇಕು, ಮಾತೇ ಇಲ್ಲ.

ಆ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನಿಮ್ಮ ಮಟ್ಟಿಗೆ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳು ಕೆಲವೇ. ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ಎರಡು ಕೆಲಸದ ದಿನದೊಳಗೆ. ಓವರ್‌ಟೈಮ್‌ಗೆ ಎರಡು ಪಟ್ಟು ದರ. ವೇತನದ ವ್ಯಾಖ್ಯೆಯಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಬೇಸಿಕ್ ಇಳಿಸಿ ಪಿಎಫ್ ಉಳಿಸುವ ಆಟಕ್ಕೆ ಇದು ಕಡಿವಾಣ. ನಿಮ್ಮ ಚೀಟಿಯಲ್ಲಿ ಆ ತೊಂದರೆ ಇಲ್ಲ. ರಾತ್ರಿ 7ರ ನಂತರ, ಬೆಳಿಗ್ಗೆ 6ರ ಮೊದಲು ಮಹಿಳೆಯರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ಪೀಣ್ಯದಲ್ಲಿ ಸಿಎನ್‌ಸಿ ಎಂದರೆ ಪಾಳಿಯ ಕೆಲಸ, ಆದ್ದರಿಂದ ಮೂರನೇ ಪಾಳಿ ಇದೆಯೇ, ಮನೆಗೆ ಬಿಡುವ ವಾಹನ ಇದೆಯೇ ಎಂದು ಮೊದಲೇ ಕೇಳಿ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇರಲೇಬೇಕು. ಸದಸ್ಯರ ಹೆಸರು ಗೋಡೆಯ ಮೇಲೆ ಕಾಣಬೇಕು. ದೂರಿಗೆ ಸಾಮಾನ್ಯ ಅವಧಿ ಮೂರು ತಿಂಗಳು. ಕೇಂದ್ರದ ಶಿ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಗುತ್ತಿಗೆದಾರರು ಸಂಬಳ ಕೊಡದೆ ಕೈಯೆತ್ತಿದರೆ ಅದನ್ನು ಕೊಡುವ ಹೊಣೆ ಕಾರ್ಖಾನೆಯ ಮೇಲೆ ಬೀಳುತ್ತದೆ. ಇದು ಹಳೆಯ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ಆದರೆ ಮಗಳು ಆ ಕಾರ್ಖಾನೆಯಲ್ಲೇ ದುಡಿದಳು ಎಂಬುದಕ್ಕೆ ಸಾಕ್ಷಿ ಬೇಕಾಗುತ್ತದೆ. ಗೇಟ್ ಪಾಸ್, ಪಾಳಿ ಪಟ್ಟಿ, ಹಾಜರಿ ಯಂತ್ರದ ಸಂದೇಶ, ಇವುಗಳ ಫೋಟೋ ಮೊದಲ ವಾರವೇ ತೆಗೆದಿಟ್ಟುಕೊಳ್ಳಲಿ.

ಕಾರ್ಖಾನೆಯ ಮತ್ತು ಗುತ್ತಿಗೆದಾರರ ಅಸ್ತಿತ್ವ ತಿಳಿಯಲು ಹತ್ತು ನಿಮಿಷ ಸಾಕು. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಮಾಸ್ಟರ್ ಡೇಟಾ (ಕಂಪನಿಯ ಮೂಲ ವಿವರ) ಉಚಿತವಾಗಿ ಸಿಗುತ್ತದೆ. ಅದರ 21 ಅಕ್ಷರಗಳ ಗುರುತಿನ ಸಂಖ್ಯೆಯೇ ಅರ್ಧ ಕಥೆ ಹೇಳುತ್ತದೆ: ಮೊದಲ ಅಕ್ಷರ ಷೇರುಪೇಟೆಯಲ್ಲಿದೆಯೇ ಇಲ್ಲವೇ ಎಂದು, ನಂತರದ ಐದಂಕಿ ಉದ್ದಿಮೆಯ ವರ್ಗ, ಎರಡಕ್ಷರ ರಾಜ್ಯ, ನಾಲ್ಕಂಕಿ ನೋಂದಣಿಯಾದ ವರ್ಷ. ‘25 ವರ್ಷದ ಕಂಪನಿ’ ಎಂದು ಹೇಳಿಕೊಂಡು ಸಂಖ್ಯೆಯಲ್ಲಿ 2023 ಎಂದಿದ್ದರೆ ನಕ್ಕುಬಿಡಿ. ಪಾಲುದಾರಿಕೆ ಅಥವಾ ಒಬ್ಬರದೇ ವ್ಯವಹಾರ ಅಲ್ಲಿ ಇರುವುದಿಲ್ಲ, ಮಾನವ ಸಂಪನ್ಮೂಲ ಪೂರೈಸುವ ಸಣ್ಣ ಗುತ್ತಿಗೆದಾರರಲ್ಲಿ ಎಷ್ಟೋ ಮಂದಿ ಈ ಬಗೆಯವರು. ಅವರಿಗೆ ಜಿಎಸ್‌ಟಿ ಪೋರ್ಟಲ್ ನೋಡಿ. ಬಿಲ್ಲಿನಲ್ಲಿರುವ 15 ಅಕ್ಷರಗಳ ಸಂಖ್ಯೆ ಹಾಕಿದರೆ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಕಾಣುತ್ತದೆ. ಕರ್ನಾಟಕದ ಸಂಖ್ಯೆಗಳೆಲ್ಲ 29ರಿಂದ ಶುರು.

ಇಎಸ್‌ಐ ಬಗ್ಗೆ ಒಂದೆರಡು ಮಾತು. ಸಂಬಳ 21,000 ಮೀರದವರಿಗೆ ಇದು ಅನ್ವಯ, ಮಗಳು ಅದರೊಳಗಿದ್ದಾಳೆ. ಮೊದಲ ದಿನವೇ ಅವಳ ಹೆಸರು ನೋಂದಾಯಿಸಿ ಹತ್ತಂಕಿಯ ವಿಮಾ ಸಂಖ್ಯೆ ಕೊಡಬೇಕು. ಯಂತ್ರದ ಮುಂದೆ ನಿಲ್ಲುವ ಕೆಲಸದಲ್ಲಿ ಇದು ಬಾಯಿಮಾತಿನ ವಿಷಯವಲ್ಲ, ಅಪಘಾತವಾದ ಮೇಲೆ ನೋಂದಣಿ ಮಾಡಲು ಓಡುವ ಗುತ್ತಿಗೆದಾರರಿದ್ದಾರೆ. ಕಾಯಿಲೆ ರಜೆಯ ಭತ್ಯೆಗೆ ಆರು ತಿಂಗಳ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಬೇಕು. ಕೆಲಸದ ಮೇಲಿನ ಅಪಘಾತಕ್ಕೆ ಅಂಥ ಷರತ್ತಿಲ್ಲ. ನೋಂದಣಿ ಚೀಟಿಯಲ್ಲಿ ನಿಮ್ಮ ದಂಪತಿಗಳ ಹೆಸರೂ ಅವಲಂಬಿತರಾಗಿ ಸೇರಿದೆಯೇ ನೋಡಿಕೊಳ್ಳಿ.

ಚೀಟಿಯಲ್ಲಿ ‘ಟ್ರೈನಿ’ ಅಥವಾ ‘ಅಪ್ರೆಂಟಿಸ್’ ಎಂಬ ಪದ ಎಲ್ಲಾದರೂ ಇದೆಯೇ? ಇದ್ದರೆ ಮೇಲಿನ ಲೆಕ್ಕವೆಲ್ಲ ಬದಲಾಗುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರು ತರಬೇತಿದಾರರು, ಕಾರ್ಮಿಕರಲ್ಲ. ಅವರಿಗೆ ಸಿಗುವುದು ಸ್ಟೈಪೆಂಡ್, ಪಿಎಫ್ ಇಲ್ಲ. ಅದು ಕೆಟ್ಟದ್ದೇನಲ್ಲ. ಒಂದು ವರ್ಷ ಮಾಡಿ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ತಂದವರಿಗೆ ಮುಂದೆ ಬೆಲೆಯಿದೆ. ಆದರೆ ಒಪ್ಪಂದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಮಗಳ ಲಾಗಿನ್‌ನಲ್ಲಿ ಕಾಣಬೇಕು. ಪೋರ್ಟಲ್‌ನಲ್ಲಿ ಒಪ್ಪಂದವಿಲ್ಲದೆ ಬಾಯಲ್ಲಿ ‘ಟ್ರೈನಿ’ ಎಂದರೆ ಅದು ಪಿಎಫ್ ತಪ್ಪಿಸುವ ಹೆಸರಷ್ಟೇ.

ಈ ಆಫರ್ ಬೇಡ ಎನಿಸಿದರೆ ಬೇರೆ ಕಡೆ ಹುಡುಕಲು ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ (ಎನ್‌ಸಿಎಸ್) ಪೋರ್ಟಲ್ ಇದೆ, 2015ರ ಜುಲೈನಿಂದ ನಡೆಯುತ್ತಿದೆ, ಸಹಾಯವಾಣಿ 1514. ರಾಜ್ಯದ್ದು ಸ್ಕಿಲ್ ಕನೆಕ್ಟ್. ಎರಡೂ ಉಚಿತ. ಎನ್‌ಸಿಎಸ್ ಹೆಸರಿನಲ್ಲಿ ಹಣ ಕೇಳುವ ನಕಲಿ ತಾಣಗಳಿವೆ, ವಿಳಾಸ ‘ಜಿಓವಿ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ. ಹುಡುಕುವಾಗ ‘ಮೆಷಿನಿಸ್ಟ್’ ಎಂಬ ಒಂದೇ ಪದ ಹಾಕಿ ಬಿಡಬೇಡಿ. ಒಂದೇ ಕೆಲಸಕ್ಕೆ ಒಬ್ಬರು ‘ಸಿಎನ್‌ಸಿ ಆಪರೇಟರ್’, ಇನ್ನೊಬ್ಬರು ‘ವಿಎಂಸಿ ಸೆಟ್ಟರ್’, ಮತ್ತೊಬ್ಬರು ‘ಟರ್ನಿಂಗ್ ಆಪರೇಟರ್’ ಎಂದು ಹಾಕಿರುತ್ತಾರೆ. ಈ ಗೊಂದಲ ಬಿಡಿಸಲೆಂದೇ ರಾಷ್ಟ್ರೀಯ ವೃತ್ತಿ ವರ್ಗೀಕರಣ ಇದೆ. 2015ರ ಆವೃತ್ತಿಯಲ್ಲಿ ಲೋಹ ಕೆತ್ತುವ ಯಂತ್ರ ನಡೆಸುವವರ ಗುಂಪು 7223. ಆ ಗುಂಪಿನಡಿಯ ವೃತ್ತಿಗಳ ಹೆಸರು ಬರೆದಿಟ್ಟುಕೊಂಡು ಒಂದೊಂದನ್ನೇ ಹಾಕಿ ಹುಡುಕಿ. ಪೋರ್ಟಲ್‌ನಲ್ಲಿ ಜಾಹೀರಾತು ಇದೆ ಎಂದಮಾತ್ರಕ್ಕೆ ಸರ್ಕಾರ ಆ ಕಂಪನಿಗೆ ಜಾಮೀನು ನಿಂತಿಲ್ಲ. ಅಲ್ಲಿ ಕಂಡ ಕಂಪನಿಯನ್ನೂ ಪಿಎಫ್ ಕೋಷ್ಟಕದಲ್ಲಿ ಹಾಯಿಸಿಯೇ ಮುಂದುವರಿಯಿರಿ. ಪೀಣ್ಯದಲ್ಲಿ ಈ ಕೆಲಸಕ್ಕೆ ನಡೆಯುವ ಸಂಬಳವೆಷ್ಟು ಎಂಬುದಕ್ಕೂ ಅದೇ ಕೋಷ್ಟಕ ಒಳ್ಳೆಯ ದಾರಿ. ಅಕ್ಕಪಕ್ಕದ ಐದಾರು ಕಾರ್ಖಾನೆಗಳ ತಲಾ ಮೊತ್ತವನ್ನು ನಾಲ್ಕರಿಂದ ಗುಣಿಸಿ ಹೋಲಿಸಿ. ಬೇಸಿಕ್ 15,000 ದಾಟಿದವರಿಗೂ 15,000ಕ್ಕಷ್ಟೇ ಪಿಎಫ್ ಕಟ್ಟುವ ಕಂಪನಿಗಳಿವೆ, ಅಲ್ಲಿ ತಲೆಗೆ 3,750ಕ್ಕೇ ಲೆಕ್ಕ ನಿಂತುಬಿಡುತ್ತದೆ ಎಂಬುದು ನೆನಪಿರಲಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಪೇಪರಿನ ಅಂಕಿ. ಅದು ಬರುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಪಿಎಲ್‌ಎಫ್‌ಎಸ್ ಎಂಬ ಶ್ರಮಬಲ ಸಮೀಕ್ಷೆಯಿಂದ, 2017ರಿಂದ ನಡೆಯುತ್ತಿದೆ. ಅದರಲ್ಲಿ ಎರಡು ಅಳತೆಗೋಲುಗಳಿವೆ. ಒಂದು ಹಿಂದಿನ 365 ದಿನ ನೋಡುತ್ತದೆ. ವರ್ಷದ ಹೆಚ್ಚು ಕಾಲ ಕೆಲಸವಿಲ್ಲದಿದ್ದರೂ ಒಟ್ಟು 30 ದಿನ ಏನಾದರೂ ಮಾಡಿದ್ದರೆ ಉದ್ಯೋಗಸ್ಥ. ಇನ್ನೊಂದು ಹಿಂದಿನ ಏಳು ದಿನ ನೋಡುತ್ತದೆ. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದೇ ಗಂಟೆ ದುಡಿದರೂ ಉದ್ಯೋಗಸ್ಥ. ಎರಡರಲ್ಲೂ ಮನೆಯ ಜಮೀನಿನಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು ಉದ್ಯೋಗಸ್ಥರ ಲೆಕ್ಕಕ್ಕೇ ಹೋಗುತ್ತಾರೆ. ನಿಮ್ಮೂರಿನ ಐಟಿಐ ಹುಡುಗ ಅಪ್ಪನ ಅಡಿಕೆ ತೋಟಕ್ಕೆ ನೀರು ಬಿಟ್ಟು ಬಂದರೆ ಊರಿನ ಕಣ್ಣಿಗೆ ಖಾಲಿ ಕೂತವ, ಸಮೀಕ್ಷೆಯ ಕಣ್ಣಿಗೆ ಕೆಲಸದಲ್ಲಿರುವವ. ಕೆಲಸ ಹುಡುಕುವುದನ್ನೇ ಬಿಟ್ಟು, ಸಿಕ್ಕರೂ ಹೋಗಲು ಸಿದ್ಧನಿಲ್ಲದವ ನಿರುದ್ಯೋಗಿಯೂ ಅಲ್ಲ, ಅವನು ಶ್ರಮಬಲದಿಂದಲೇ, ಅಂದರೆ ದುಡಿಯುವವರು ಮತ್ತು ಕೆಲಸಕ್ಕೆ ಸಿದ್ಧರಿರುವವರ ಲೆಕ್ಕದಿಂದಲೇ ಹೊರಗೆ.

ಇಷ್ಟು ತಿಳಿದರೆ 2023–24ರ ವಾರ್ಷಿಕ ದರ ಶೇ. 3.2 ಎಂದೂ, 2025ರ ಏಪ್ರಿಲ್‌ನ ಮೊದಲ ಮಾಸಿಕ ದರ ಶೇ. 5.1 ಎಂದೂ ಬಂದಾಗ ‘ಒಂದೇ ವರ್ಷದಲ್ಲಿ ಏರಿತು’ ಎನ್ನುವುದು ಯಾಕೆ ತಪ್ಪೆಂದು ಗೊತ್ತಾಗುತ್ತದೆ. ಮೊದಲನೆಯದು ವರ್ಷದ ಅಳತೆ, ಎರಡನೆಯದು ವಾರದ ಅಳತೆ. ನಿಮ್ಮ ಊರಿನ ಅನುಭವಕ್ಕೆ ಹತ್ತಿರದ ಅಂಕಿ ಬೇಕೆಂದರೆ ಒಟ್ಟು ದರ ಬಿಟ್ಟು 15ರಿಂದ 29 ವಯಸ್ಸಿನವರದ್ದು ನೋಡಿ. ಅದೇ 2023–24ರ ವರದಿಯಲ್ಲಿ ಅದು ಶೇ. 10.2. ಅದಕ್ಕಿಂತ ಉಪಯೋಗದ್ದು, ದುಡಿಯುವವರಲ್ಲಿ ಎಷ್ಟು ಮಂದಿ ತಿಂಗಳ ಸಂಬಳದವರು, ಎಷ್ಟು ಮಂದಿ ದಿನಗೂಲಿ, ಎಷ್ಟು ಮಂದಿ ಸ್ವಂತ ದುಡಿಮೆ ಎಂಬ ಕೋಷ್ಟಕ. ಪತ್ರಿಕೆಗಳು ಅದನ್ನು ಹಾಕುವುದು ಕಡಿಮೆ. ಇಪಿಎಫ್‌ಓ ತಿಂಗಳಿಗೊಮ್ಮೆ ಪ್ರಕಟಿಸುವ ‘ಹೊಸ ಸದಸ್ಯರು ಇಷ್ಟು ಲಕ್ಷ’ ಎಂಬುದನ್ನೂ ಹೊಸ ಉದ್ಯೋಗ ಎಂದು ಓದಬೇಡಿ. 19 ಜನರಿದ್ದ ಕಾರ್ಖಾನೆಗೆ ಇಪ್ಪತ್ತನೆಯವರು ಸೇರಿದರೆ ಪಿಎಫ್ ಅನ್ವಯವಾಗಿ ಹಳೆಯ 19 ಜನರೂ ಆ ತಿಂಗಳ ಪಟ್ಟಿಯಲ್ಲಿ ಹೊಸಬರಾಗಬಹುದು. ಹುಟ್ಟಿದ ಕೆಲಸ ಒಂದೇ.

ತೊಂದರೆಯಾದಾಗ ಸರಿಯಾದ ಬಾಗಿಲು ತಟ್ಟುವುದೇ ಅರ್ಧ ಕೆಲಸ. ಸಂಬಳ, ಓವರ್‌ಟೈಮ್, ಕನಿಷ್ಠ ವೇತನಕ್ಕೆ ರಾಜ್ಯ ಕಾರ್ಮಿಕ ಇಲಾಖೆ, ಸಹಾಯವಾಣಿ 155214. ಪಿಎಫ್‌ಗೆ ಇಪಿಎಫ್‌ಓ ಕುಂದುಕೊರತೆ ಪೋರ್ಟಲ್. ಇಎಸ್‌ಐಗೆ ಇಎಸ್‌ಐ ನಿಗಮ. ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಮೂರು ಕಚೇರಿಯವರೂ ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಮುಚ್ಚುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವುದಾದರೆ ರಾಜ್ಯದ ಕಚೇರಿಗೆ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದ ಮಿತಿ. ‘ಈ ಕಂಪನಿಯ ಎಲ್ಲ ವಿವರ ಕೊಡಿ’ ಎಂದರೆ ಮೂರನೆಯವರ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ‘ನನ್ನ ಇಂಥ ತಾರೀಖಿನ ದೂರಿನ ಮೇಲೆ ಕೈಗೊಂಡ ಕ್ರಮ, ತಪಾಸಣಾ ವರದಿಯ ಪ್ರತಿ’ ಎಂದು ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಮಗಳು ಸೇರುವುದೇ ಆದರೆ ಹೊರಡುವ ಮುನ್ನ ಒಂದು ಕೆಲಸ ಮುಗಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮ ಕಡೆ ಮಾಮೂಲು, ಪಿಎಫ್ ಹಣ ತೆಗೆಯುವಾಗ ಅರ್ಜಿಗಳು ಸಿಕ್ಕಿಬೀಳುವುದೂ ಅಲ್ಲೇ. 2025ರ ಆಗಸ್ಟ್‌ನಿಂದ ಹೊಸ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಪಡೆಯಲು ಉಮಂಗ್ ಆ್ಯಪ್‌ನಲ್ಲಿ ಆಧಾರ್ ಮುಖ ದೃಢೀಕರಣ ಬೇಕು. ಆ 12 ಅಂಕಿ ಸಂಖ್ಯೆಯನ್ನು ಅವಳೇ ತನ್ನ ಫೋನಿನಲ್ಲಿ ಮಾಡಿಕೊಳ್ಳಲಿ, ಗುತ್ತಿಗೆದಾರರ ಹುಡುಗನ ಫೋನ್ ನಂಬರ್ ಅದಕ್ಕೆ ಸೇರದಿರಲಿ. ಮೊದಲ ಬಾರಿಗೆ ಪಿಎಫ್‌ಗೆ ಸೇರುವವರಿಗೆ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಯಲ್ಲಿ ಒಂದು ತಿಂಗಳ ಪಿಎಫ್ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಆರು ತಿಂಗಳು ಮುಗಿದ ಮೇಲೆ, ಎರಡನೆಯದು ಹನ್ನೆರಡು ತಿಂಗಳ ಮೇಲೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಸೇರಿದವರಿಗೆ ಇದು. ಹಣ ಆಧಾರ್ ಜೋಡಿಸಿದ ಖಾತೆಗೇ ಬೀಳುವುದರಿಂದ ಬ್ಯಾಂಕಿನಲ್ಲಿ ಅದನ್ನೂ ಕೇಳಿಕೊಂಡು ಬನ್ನಿ.

ಸೇರಿದ ಮರುತಿಂಗಳು 20ನೇ ತಾರೀಖಿನ ಹೊತ್ತಿಗೆ ಪಿಎಫ್ ಪಾಸ್‌ಬುಕ್ ತೆರೆದು ನೋಡಲಿ. ಪೂರ್ತಿ ತಿಂಗಳ ಸಂಬಳವಾಗಿದ್ದರೆ ಅವಳ ಪಾಲು 1,680, ಮಾಲೀಕರ ಪಾಲು 514, ಪಿಂಚಣಿ 1,166 ಎಂದಿರಬೇಕು. 514 ನೋಡಿ ಕಂಪನಿ ಕಡಿಮೆ ಕಟ್ಟಿದೆ ಎಂದು ಗಾಬರಿಯಾಗಬೇಡಿ. ಮಾಲೀಕರ ಶೇ. 12ರಲ್ಲಿ 8.33 ಪಿಂಚಣಿಗೆ ಹೋಗುತ್ತದೆ, 514 ಮತ್ತು 1,166 ಕೂಡಿಸಿದರೆ ಅದೇ 1,680. ಸಾಲೇ ಇಲ್ಲದಿದ್ದರೆ ಮೊದಲು ಸಂಸ್ಥೆಯ ಕೋಷ್ಟಕದಲ್ಲಿ ಆ ತಿಂಗಳ ಚಲನ್ ಬಂದಿದೆಯೇ ನೋಡಿ. ಬಂದಿದ್ದರೆ ಬಿಟ್ಟುಹೋಗಿರುವುದು ಅವಳ ಹೆಸರೊಂದೇ, ಗುತ್ತಿಗೆದಾರರ ಕಚೇರಿಗೆ ಯುಎಎನ್ ಬರೆದು ಕಳಿಸಿದರೆ ಮುಂದಿನ ತಿಂಗಳು ಸರಿಹೋಗಬೇಕು. ಚಲನ್ನೇ ಬಂದಿಲ್ಲದಿದ್ದರೆ ಇನ್ನೊಂದು ತಿಂಗಳು ಕಾಯುವುದು ಬೇಡ, ಸಂಬಳ ಚೀಟಿಯ ಫೋಟೋ ಲಗತ್ತಿಸಿ ಇಪಿಎಫ್‌ಓ ಪೋರ್ಟಲ್‌ನಲ್ಲಿ ದೂರು ಹಾಕಲಿ.